ಮೋಟಾರು ಗಾಡಿಗೆ ಎಂಥ ಬಣ್ಣ?

ಹಳೆಯ ಮೋಟಾರು ಗಾಡಿಗೆ ಹೊಸದಾಗಿ ಬಣ್ಣ ಹಾಕಿಸಲು ಹೊರಟವರು ಮೊಟ್ಟಮೊದಲು ಚರ್ಚಿಸುವುದು ಯಾವ ಬಣ್ಣವೆಂಬ ವಿಷಯವನ್ನು. ಕೆಂಪೋ, ಕಡುನೀಲಿಯೋ, ಬೆಳ್ಳಿಯ ಹೊಳಪಿನದೋ ಎಂದು ಮನೆಮಂದಿಯೆಲ್ಲ ಕೂಡಿ ವರ್ಣಪಟ್ಟಿಯ ಹಾಳೆಗಳನ್ನು ತಿರುವಿಹಾಕುತ್ತಾರೆ. ನನ್ನ ಮಟ್ಟಿಗೆ ಇದು ಕಟ್ಟಕಡೆಗೆ ಕೇಳತಕ್ಕ ಪ್ರಶ್ನೆ. ಕಣ್ಣಿಗೆ ಕಾಣುವ ವರ್ಣ ಬೇರೆ, ಕಬ್ಬಿಣವನ್ನು ಕಾಯುವ ಲೇಪ ಬೇರೆ. ಕನ್ನಡದಲ್ಲಿ ಎರಡನ್ನೂ 'ಬಣ್ಣ'ವೆಂದೇ ಕರೆಯುವುದರಿಂದಲೋ ಏನೋ, ಈ ಭೇದ ನಮಗೆ ಮರೆತೇಹೋಗುತ್ತದೆ.

ಕೊಡಗಿನಂಥ ಮಳೆನಾಡಿನಲ್ಲಿ ಈ ಮರೆವಿಗೆ ತೆರಬೇಕಾದ ದಂಡ ಹೆಚ್ಚು. ಹಾರಂಗಿಯ ನಿದರ್ಶನವನ್ನೇ ತೆಗೆದುಕೊಳ್ಳೋಣ. ಕಾವೇರಿಯ ಉಪನದಿಯಾದ ಹಾರಂಗಿಗೆ ಕುಶಾಲನಗರದ ಸಮೀಪದಲ್ಲಿ ಕಟ್ಟಿರುವ ಅಣೆಕಟ್ಟೆಯ ಸುತ್ತಲಿನ ಪ್ರದೇಶವಿದು. ಕೊಡಗಿನ ಪೂರ್ವದ ಅಂಚಾದುದರಿಂದ ಮಡಿಕೇರಿಯಲ್ಲಿ ಬೀಳುವ ಮಳೆಯ ಅರ್ಧದಷ್ಟೂ ಇಲ್ಲಿ ಬೀಳುವುದಿಲ್ಲ. ಅದನ್ನು ನಂಬಿ, ತುಕ್ಕಿನ ಭಯ ತಮಗಿಲ್ಲವೆಂದು ಭಾವಿಸುವವರುಂಟು. ಆದರೆ ತುಕ್ಕು ಮಳೆಯ ಅಂಗುಲಗಳನ್ನು ಎಣಿಸುವುದಿಲ್ಲ. ಲೋಹವು ದಿನಕ್ಕೆ ಎಷ್ಟು ಗಂಟೆ ತೇವವಾಗಿರುತ್ತದೆಂಬುದನ್ನು ಎಣಿಸುತ್ತದೆ. ಡಿಸೆಂಬರ್ ತಿಂಗಳ ಮೋಡವಿಲ್ಲದ ರಾತ್ರಿಯಲ್ಲಿ ಬಯಲಿನಲ್ಲಿ ನಿಂತ ಕಾರಿನ ಮಾಡು ತನ್ನ ಉಷ್ಣವನ್ನು ವಿಕಿರಣರೂಪದಲ್ಲಿ ಆಕಾಶಕ್ಕೆ ಕಳೆದುಕೊಂಡು, ಸುತ್ತಲಿನ ಗಾಳಿಗಿಂತಲೂ ತಣ್ಣಗಾಗುತ್ತದೆ. ಜಲಾಶಯದ ಕಡೆಯ ತೇವದ ಗಾಳಿ ಅದನ್ನು ಸೋಕಿದಾಗ ಇಬ್ಬನಿ ಕಟ್ಟುತ್ತದೆ. ಬಿಸಿಲೇರಿ ಅದು ಆರುವವರೆಗೂ ಗಾಡಿಯ ಮೈ ಒದ್ದೆಯೇ. ಒಂದು ಹನಿ ಮಳೆಯೂ ಬೀಳದ ತಿಂಗಳಿನಲ್ಲಿ ತುಕ್ಕಿಗೆ ಹೀಗೆ ದಿನವೂ ಕೆಲವು ಗಂಟೆಗಳ ಅವಕಾಶ ದೊರೆಯುತ್ತದೆ.

ಬಣ್ಣವೆಂಬುದು ಮೂರು ವಸ್ತುಗಳ ಮಿಶ್ರಣ. ಒಣಗಿ ಪೊರೆಯಾಗಿ ನಿಲ್ಲುವ ಬಂಧಕ, ವರ್ಣವನ್ನು ಕೊಡುವ ಪುಡಿ, ಇವೆರಡನ್ನೂ ತೆಳ್ಳಗೆ ಮಾಡಿ ಆಮೇಲೆ ಹಾರಿಹೋಗುವ ದ್ರಾವಕ. ಇದನ್ನೇ ಗ್ಯಾರೇಜಿನಲ್ಲಿ ತಿನ್ನರ್ ಎನ್ನುತ್ತಾರೆ. ಕಾರ್ಖಾನೆಯಿಂದ ಬಂದ ಕಾರಿನ ಮೇಲಿರುವ ಲೇಪಗಳೆಲ್ಲ ಸೇರಿ ಸುಮಾರು 100ರಿಂದ 130 ಮೈಕ್ರಾನ್ ದಪ್ಪವಿರುತ್ತವೆ. ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು. ನಮ್ಮ ತಲೆಯ ಎರಡು ಕೂದಲೆಳೆಗಳನ್ನು ಒಂದರ ಮೇಲೊಂದಿಟ್ಟಷ್ಟು ದಪ್ಪ. ಲಕ್ಷಾಂತರ ರೂಪಾಯಿಯ ಗಾಡಿಗೂ ಗಾಳಿ-ನೀರಿಗೂ ನಡುವೆ ಇರುವ ಗೋಡೆ ಇಷ್ಟೆ.

ಈ ಗೋಡೆ ನೀರನ್ನು ಒಳಗೆ ಬಿಡುವುದಿಲ್ಲ, ಆದುದರಿಂದ ಕಬ್ಬಿಣ ತುಕ್ಕು ಹಿಡಿಯುವುದಿಲ್ಲ ಎಂದು ಪರೀಕ್ಷೆಯಲ್ಲಿ ಬರೆಯುವ ವಿದ್ಯಾರ್ಥಿಗೆ ಪೂರ್ಣಾಂಕ ಬರಬಹುದು. ಆದರೆ ಆ ಉತ್ತರ ಸರಿಯಲ್ಲ. 1950ರ ಸುಮಾರಿನಲ್ಲಿ ಇಂಗ್ಲೆಂಡಿನ ವಿಜ್ಞಾನಿ ಮೇಯ್ನ್ ಎಂಬವರು ಬಣ್ಣದ ಪೊರೆಗಳ ಮೂಲಕ ಹಾದುಹೋಗುವ ನೀರು ಮತ್ತು ಆಮ್ಲಜನಕಗಳನ್ನು ಕುರಿತು ವಿಚಾರಮಾಡಿ ಒಂದು ವಿಚಿತ್ರ ನಿರ್ಣಯಕ್ಕೆ ಬಂದರು. ಬಣ್ಣವಿಲ್ಲದ ಬರಿಯ ಕಬ್ಬಿಣಕ್ಕೆ ತುಕ್ಕು ಹಿಡಿಯಲು ಎಷ್ಟು ನೀರು, ಎಷ್ಟು ಆಮ್ಲಜನಕ ಬೇಕೋ ಅಷ್ಟನ್ನೂ ಸಾಧಾರಣವಾದ ಬಣ್ಣದ ಪೊರೆ ಒಳಗೆ ಬಿಟ್ಟುಕೊಡುತ್ತದೆ! ಹಾಗಿದ್ದರೆ ಬಣ್ಣ ಕಾಯುವುದಾದರೂ ಹೇಗೆ? ತುಕ್ಕು ಹಿಡಿಯುವುದು ವಿದ್ಯುತ್ ಕೋಶದಲ್ಲಿ ನಡೆಯುವಂಥ ಒಂದು ಕ್ರಿಯೆ. ಲೋಹದ ಒಂದೆಡೆ ಕಬ್ಬಿಣದ ಪರಮಾಣುಗಳು ಎಲೆಕ್ಟ್ರಾನುಗಳನ್ನು ಬಿಟ್ಟುಕೊಟ್ಟು ಅಯಾನುಗಳಾಗುತ್ತವೆ. ಇನ್ನೊಂದೆಡೆ ನೀರೂ ಆಮ್ಲಜನಕವೂ ಆ ಎಲೆಕ್ಟ್ರಾನುಗಳನ್ನು ಸ್ವೀಕರಿಸುತ್ತವೆ. ಈ ಎರಡು ತಾಣಗಳ ನಡುವೆ ಅಯಾನುಗಳು ಓಡಾಡಿದರೆ ಮಾತ್ರ ಮಂಡಲ ಪೂರ್ಣವಾಗುತ್ತದೆ. ಒಳ್ಳೆಯ ಪೊರೆ ತಡೆಯುವುದು ಈ ಓಡಾಟವನ್ನು. ಅದು ನೀರಿಗೆ ಕಟ್ಟಿದ ಅಣೆಯಲ್ಲ, ವಿದ್ಯುತ್ತಿಗೆ ಒಡ್ಡಿದ ರೋಧ.

ಈ ಒಂದು ಸಂಗತಿ ಮನಸ್ಸಿಗೆ ನಾಟಿದರೆ ಬಣ್ಣ ಹಾಕುವ ಕೆಲಸದ ಅರ್ಧ ರಹಸ್ಯ ತಿಳಿದಂತೆ. ಮಂಗಳೂರಿನ ಕಡಲತೀರದಲ್ಲಿ ಓಡುವ ಗಾಡಿ ಕೊಡಗಿನ ಗಾಡಿಗಿಂತ ಬೇಗ ಕೆಡುವುದೇಕೆಂದರೆ, ಕಡಲಗಾಳಿ ಉಪ್ಪನ್ನು, ಅಂದರೆ ಸಿದ್ಧವಾದ ಅಯಾನುಗಳನ್ನು, ತಂದು ಮೆತ್ತುತ್ತದೆ. ನಮ್ಮ ಮಳೆನೀರಿನಲ್ಲಿ ಅಷ್ಟು ಉಪ್ಪಿಲ್ಲ. ಆದರೆ ಬಣ್ಣ ಬಳಿಯುವ ಮುನ್ನ ತಿಕ್ಕಿ ನುಣುಪುಮಾಡಿದ ತಗಡನ್ನು ಕೆಲಸಗಾರನು ಬೆವರಿದ ಬೆರಳಿನಿಂದ ಸವರಿ ನೋಡಿದರೆ ಉಪ್ಪು ಅಲ್ಲಿಯೇ ಬಿದ್ದಿತು. ಅದರ ಮೇಲೆ ಎಷ್ಟೇ ಬೆಲೆಯ ಬಣ್ಣ ಬಳಿದರೂ ಪೊರೆಯ ಮೂಲಕ ನೀರು ಅಭಿಸರಣದಿಂದ ಆ ಉಪ್ಪಿನ ಕಡೆಗೆ ಎಳೆಯಲ್ಪಟ್ಟು, ಮುಂದಿನ ಮಳೆಗಾಲದಲ್ಲಿ ಸಣ್ಣಸಣ್ಣ ಗುಳ್ಳೆಗಳು ಏಳುತ್ತವೆ. ಬಣ್ಣ ಕಳಪೆಯೆಂದು ಅಂಗಡಿಯವನನ್ನು ಬೈಯುತ್ತೇವೆ, ಗುಳ್ಳೆಯೊಳಗಿರುವುದು ಬೆವರು.

ತರಗತಿಯಲ್ಲಿ ಈ ಮಾತು ಬಂದಾಗ ಹುಡುಗನೊಬ್ಬನು ಒಂದು ಪ್ರಶ್ನೆ ಎತ್ತಿದನು. ಅಣೆಕಟ್ಟುಗಳ ಉಕ್ಕಿನ ಬಾಗಿಲುಗಳು ವರ್ಷಗಟ್ಟಲೆ ನೀರಿನಲ್ಲಿ ಮುಳುಗಿ ನಿಲ್ಲುತ್ತವಲ್ಲ, ಅವುಗಳಿಗೆ ಬಳಿಯುವ ಬಣ್ಣವನ್ನೇ ನಮ್ಮ ಜೀಪಿಗೂ ಬಳಿದರೆ ಆಗದೆ? ಒಳ್ಳೆಯ ಪ್ರಶ್ನೆ. ಇಂಥ ಜಲದ್ವಾರಗಳಿಗೆ ಸಾಮಾನ್ಯವಾಗಿ ಬಳಸುವುದು ಎಪಾಕ್ಸಿ ಎಂಬ ರಾಳದ ಲೇಪಗಳನ್ನು. ಅಯಾನುಗಳನ್ನು ತಡೆಯುವುದರಲ್ಲಿಯೂ ಲೋಹವನ್ನು ಬಿಗಿಯಾಗಿ ಹಿಡಿದುಕೊಳ್ಳುವುದರಲ್ಲಿಯೂ ಅವುಗಳಿಗೆ ಸಮನಾದುವು ವಿರಳ. ಆದರೆ ಎಪಾಕ್ಸಿಗೆ ಬಿಸಿಲಾಗದು. ಸೂರ್ಯನ ಅತಿನೇರಿಳೆ ಕಿರಣಗಳು ಅದರ ಅಣುಸರಪಣಿಯನ್ನು ಕತ್ತರಿಸುವುದರಿಂದ ಮೇಲ್ಮೈ ಸುಣ್ಣದಂತೆ ಪುಡಿಯಾಗಿ ಕೈಗೆ ಹತ್ತುತ್ತದೆ. ಅಣೆಕಟ್ಟಿನ ಬಾಗಿಲು ಪುಡಿಯುದುರಿಸಿದರೆ ಯಾರೂ ಬೇಸರಪಡುವುದಿಲ್ಲ. ಮದುವೆಗೆ ಹೊರಟ ಜೀಪು ಹಾಗೆ ಮಾಡಿದರೆ ಒಪ್ಪುವವರಾರು? ಅಂದಮೇಲೆ ನೀರನ್ನು ಎದುರಿಸುವ ಲೇಪ ಕೆಳಗಿರಬೇಕು, ಬಿಸಿಲನ್ನು ಎದುರಿಸುವ ಲೇಪ ಮೇಲಿರಬೇಕು. ಎರಡನ್ನೂ ಒಂದೇ ಡಬ್ಬಿಯಿಂದ ನಿರೀಕ್ಷಿಸುವುದು ಛತ್ರಿಯನ್ನೇ ಕಂಬಳಿಯೆಂದು ಹೊದೆಯಹೊರಟಂತೆ.

ಇಷ್ಟು ತಿಳಿವಳಿಕೆ ಬರುವುದಕ್ಕೆ ಬಹುಕಾಲ ಹಿಡಿಯಿತು. ಕುದುರೆಯ ಸಾರೋಟಿಗೆ ಬಳಿಯುತ್ತಿದ್ದ ಎಣ್ಣೆ-ರಾಳಗಳ ವಾರ್ನಿಷನ್ನೇ ಮೊದಮೊದಲು ಮೋಟಾರು ಗಾಡಿಗಳಿಗೂ ಬಳಿಯುತ್ತಿದ್ದರು. ಪದರದ ಮೇಲೆ ಪದರವಾಗಿ ಅದು ಆರಬೇಕಾದರೆ ವಾರಗಟ್ಟಲೆ ಕಾಯಬೇಕಾಗಿತ್ತು. 1914ರಿಂದ 1925ರವರೆಗೆ ಫೋರ್ಡ್ ಕಂಪೆನಿಯ 'ಮಾಡೆಲ್ ಟಿ' ಕಾರು ಕಪ್ಪು ಬಣ್ಣದಲ್ಲಿ ಮಾತ್ರವೇ ದೊರೆಯುತ್ತಿದ್ದುದು ಪ್ರಸಿದ್ಧ ಸಂಗತಿ. ಅಸ್ಫಾಲ್ಟು ಬೆರೆತ ಆ ಕಪ್ಪು ಲೇಪ ಅಗ್ಗವೂ ಹೌದು, ಗಟ್ಟಿಯೂ ಹೌದು. 1923ರಲ್ಲಿ ಅಮೆರಿಕದ ಡುಪಾಂಟ್ ಕಂಪೆನಿಯ 'ಡುಕೊ' ಎಂಬ ಲ್ಯಾಕರ್ ಬಂದಿತು. ಹತ್ತಿಯ ನಾರನ್ನು ನೈಟ್ರಿಕ್ ಆಮ್ಲದಿಂದ ಸಂಸ್ಕರಿಸಿದರೆ ದೊರೆಯುವ ನೈಟ್ರೋಸೆಲ್ಯುಲೋಸ್ ಅದರ ಬಂಧಕ. ದ್ರಾವಕ ಹಾರಿದೊಡನೆಯೇ ಆರುವ ಈ ಲೇಪದಿಂದ ವಾರಗಳ ಕೆಲಸ ಗಂಟೆಗಳಿಗೆ ಇಳಿಯಿತು. ಲ್ಯಾಕರ್ ಎಂಬ ಪದದ ಬೇರು ನಮ್ಮ ಸಂಸ್ಕೃತದ 'ಲಾಕ್ಷಾ', ಅಂದರೆ ಅರಗು, ಎಂಬುದೇ ಎಂದರೆ ವಾಚಕರಿಗೆ ಸಂತೋಷವಾದೀತು. ಚನ್ನಪಟ್ಟಣದ ಬೊಂಬೆಗಳ ಮೇಲಿನ ಹೊಳಪು ಅದೇ ಅರಗಿನದು. 1937ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಮೈಸೂರಿನಲ್ಲಿ ಸ್ಥಾಪಿತವಾದ, ಇಂದು ಚುನಾವಣೆಯ ಅಳಿಸಲಾಗದ ಶಾಯಿಗೆ ಹೆಸರಾದ, ಬಣ್ಣದ ಕಾರ್ಖಾನೆಯ ಮೊದಲ ಹೆಸರಿನಲ್ಲಿಯೂ ಅರಗಿದ್ದಿತು: ಮೈಸೂರ್ ಲ್ಯಾಕ್ ಅಂಡ್ ಪೇಂಟ್ ವರ್ಕ್ಸ್.

ಇಂದಿನ ಕಾರ್ಖಾನೆಯ ವಿಧಾನ ಬೇರೆಯೇ ಆಗಿದೆ. ತೊಳೆದು ಫಾಸ್ಫೇಟಿನ ಸಂಸ್ಕಾರ ಮಾಡಿದ ಕಾರಿನ ಕವಚವನ್ನು ಇಡಿಯಾಗಿ ಒಂದು ತೊಟ್ಟಿಯಲ್ಲಿ ಮುಳುಗಿಸಿ ವಿದ್ಯುತ್ತನ್ನು ಹಾಯಿಸುತ್ತಾರೆ. ಚಮಚಕ್ಕೆ ಬೆಳ್ಳಿಯ ಮೊಲಾಮು ಕಟ್ಟುವಂತೆ, ಆದರೆ ಲೋಹಕ್ಕೆ ಬದಲಾಗಿ ಎಪಾಕ್ಸಿ ರಾಳವು, ಮೂಲೆಮೂಲೆಗೂ ಸಂದುಸಂದಿಗೂ ಹೋಗಿ ಕೂರುತ್ತದೆ. 1960ರ ದಶಕದಲ್ಲಿ ಮೊದಲಾದ ಈ ವಿಧಾನ, 1970ರ ದಶಕದಲ್ಲಿ ಕಾರನ್ನೇ ಋಣಧ್ರುವವಾಗಿ ಮಾಡತೊಡಗಿದ ಮೇಲೆ ತುಕ್ಕಿನ ಕಾಟವನ್ನು ಬಹುವಾಗಿ ತಗ್ಗಿಸಿತು. ಸುಮಾರು 20 ಮೈಕ್ರಾನ್ ದಪ್ಪದ ಈ ತಳಪದರವನ್ನು 160ರಿಂದ 180 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಬೇಯಿಸುತ್ತಾರೆ. ಅದರ ಮೇಲೆ ಪ್ರೈಮರ್, ವರ್ಣದ ಪದರ, ಕೊನೆಗೆ ಗಾಜಿನಂಥ ಪಾರದರ್ಶಕ ಪದರ. ಮೇಲಿನವನ್ನು 140 ಡಿಗ್ರಿಯ ಆಸುಪಾಸಿನಲ್ಲಿ ಬೇಯಿಸುತ್ತಾರೆ.

ಈಗ ವಿದ್ಯಾರ್ಥಿಗಳು ಆಲೋಚಿಸಬೇಕು. ಓಡಾಡುತ್ತಿರುವ ಕಾರನ್ನು ಹೀಗೆ ತೊಟ್ಟಿಯಲ್ಲಿ ಮುಳುಗಿಸಲಾದೀತೆ? 140 ಡಿಗ್ರಿಯ ಒಲೆಯಲ್ಲಿಡಲಾದೀತೆ? ತಂತಿಗಳ ಕವಚ, ಪ್ಲಾಸ್ಟಿಕ್ಕಿನ ಭಾಗಗಳು, ಆಸನಗಳು ಇವೆಲ್ಲ ಏನಾಗಬೇಕು? ಗ್ಯಾರೇಜಿನಲ್ಲಿ ಹೆಚ್ಚೆಂದರೆ 60 ಡಿಗ್ರಿ. ಆದುದರಿಂದ "ಕಂಪೆನಿಯದೇ ಬಣ್ಣ ಹಾಕಿಕೊಡುತ್ತೇವೆ" ಎಂಬ ಮಾತಿಗೆ ವರ್ಣದ ಮಟ್ಟಿಗೆ ಮಾತ್ರ ಅರ್ಥವುಂಟು. ಲೇಪದ ಮಟ್ಟಿಗೆ ಇಲ್ಲ. ಇದರಿಂದ ನಾನು ತಲಪುವ ಅಭಿಪ್ರಾಯ ಕೆಲವರಿಗೆ ರುಚಿಸಲಾರದು: ಕಾರ್ಖಾನೆಯ ತಳಪದರ ಉಳಿದಿರುವ ಗಾಡಿಯನ್ನು ಕೇವಲ ವರ್ಣದ ಆಸೆಗಾಗಿ ಕೆರೆದು ಪೂರ್ತಿಯಾಗಿ ಹೊಸ ಬಣ್ಣ ಹಾಕಿಸುವುದು, ಇದ್ದ ಆಸ್ತಿಯನ್ನು ಮಾರಿ ಸಾಲ ಕೊಂಡಂತೆ. ಗೀಚಿದ, ಜಜ್ಜಿದ, ತುಕ್ಕೆದ್ದ ಭಾಗವನ್ನಷ್ಟೇ ಸರಿಪಡಿಸಿ ಉಳಿದುದನ್ನು ಮುಟ್ಟದಿರುವುದು ಮೇಲು. ವರ್ಣವನ್ನೇ ಬದಲಿಸಿದರಂತೂ ನೋಂದಣಿ ಪತ್ರದಲ್ಲಿಯೂ ಅದನ್ನು ತಿದ್ದಿಸಬೇಕಾಗುತ್ತದೆಂಬುದನ್ನು ಅನೇಕರು ಮರೆಯುತ್ತಾರೆ.

ಸರಿಪಡಿಸಲೇಬೇಕಾದಾಗ ಯಾವುದನ್ನು ಆರಿಸಬೇಕು? ನಮ್ಮ ಸಣ್ಣ ಊರುಗಳ ಗ್ಯಾರೇಜುಗಳಲ್ಲಿ ಮುಖ್ಯವಾಗಿ ಎರಡು ಬಗೆಯ ಬಣ್ಣಗಳ ಹೆಸರು ಕೇಳಿಬರುತ್ತದೆ. ಒಂದು 'ಎನ್.ಸಿ.', ಎಂದರೆ ಮೇಲೆ ಹೇಳಿದ ನೈಟ್ರೋಸೆಲ್ಯುಲೋಸಿನದು. ಇನ್ನೊಂದು 'ಪಿ.ಯು.', ಎಂದರೆ ಪಾಲಿಯುರಿಥೇನ್. ಮೊದಲನೆಯದು ದ್ರಾವಕ ಹಾರಿದರೆ ಆರಿತು. ಅದರ ಅಣುಗಳು ಒಂದರ ಮಗ್ಗುಲಲ್ಲೊಂದು ಮಲಗಿರುತ್ತವೆ, ಅಷ್ಟೆ. ಮತ್ತೆ ತಿನ್ನರ್ ತಾಗಿದರೆ ಮತ್ತೆ ಕರಗುತ್ತದೆ. ಬಿಸಿಲಿಗೆ ಬೇಗ ಮಂಕಾಗುತ್ತದೆ, ಹಳದಿಗೆ ತಿರುಗುತ್ತದೆ, ಆಗಾಗ ಪಾಲಿಷ್ ಬೇಡುತ್ತದೆ. ಅದರ ಗುಣವೆಂದರೆ ಅಗ್ಗ, ಬೇಗ ಆರುತ್ತದೆ, ತಿದ್ದಲು ಸುಲಭ. ಎರಡನೆಯದಕ್ಕೆ ಹಾರ್ಡನರ್ ಎಂಬ ಇನ್ನೊಂದು ದ್ರವವನ್ನು ಬೆರೆಸಬೇಕು. ಬೆರೆತೊಡನೆ ರಾಸಾಯನಿಕ ಕ್ರಿಯೆ ಮೊದಲಾಗಿ ಅಣುಗಳು ಮೀನಿನ ಬಲೆಯಂತೆ ಒಂದಕ್ಕೊಂದು ಗಂಟುಬೀಳುತ್ತವೆ. ಆಮೇಲೆ ಪೆಟ್ರೋಲು ಚೆಲ್ಲಿದರೂ ಕರಗದು. ಬಿಸಿಲು-ಮಳೆಗಳಿಗೆ ಹಲವು ವರ್ಷ ಬಗ್ಗದು. ಬರಿಯ ಬಾಳಿಕೆಯನ್ನು ನೋಡುವುದಾದರೆ ಕೊಡಗಿಗೆ ಉತ್ತರ ಒಂದೇ: ಬರಿಯ ತಗಡು ಕಂಡಲ್ಲಿ ಎಪಾಕ್ಸಿ ಪ್ರೈಮರ್, ಮೇಲೆ ಪಿ.ಯು. ಬಣ್ಣ. ಪುಟ್ಟಿಯನ್ನು ಬರಿಯ ತಗಡಿನ ಮೇಲೆ ಮೆತ್ತಿ, ಅದನ್ನು ಪ್ರೈಮರಿನಿಂದ ಮುಚ್ಚದೆ ನಾಲ್ಕು ದಿನ ಮಳೆಗಾಲದ ಗಾಳಿಯಲ್ಲಿ ಬಿಟ್ಟ ಗಾಡಿಗೆ ಮಾತ್ರ ಯಾವ ಬಣ್ಣವೂ ಗತಿಯಲ್ಲ. ಪುಟ್ಟಿ ಸ್ಪಂಜಿನಂತೆ ತೇವವನ್ನು ಹೀರಿ ಕುಳಿತಿರುತ್ತದೆ.

ಬಣ್ಣದ ಜಾತಿಗಿಂತಲೂ ಹೆಚ್ಚಿನದೆಂದು ನಾನು ಎಣಿಸುವುದು ಬಣ್ಣ ಹಾಕಿಸುವ ತಿಂಗಳನ್ನು. ಜುಲೈ ತಿಂಗಳಿನ ಒಂದು ದಿನ ಗಾಳಿಯ ಉಷ್ಣತೆ 22 ಡಿಗ್ರಿ, ಸಾಪೇಕ್ಷ ಆರ್ದ್ರತೆ ಶೇಕಡ 90 ಎಂದಿಟ್ಟುಕೊಳ್ಳೋಣ. ಆಗ ಇಬ್ಬನಿ ಬಿಂದು ಸುಮಾರು 20 ಡಿಗ್ರಿ. ತಗಡು ಎರಡೇ ಡಿಗ್ರಿ ತಣ್ಣಗಾದರೆ ಅದರ ಮೇಲೆ ನೀರು ಕಟ್ಟುತ್ತದೆ. ಬಣ್ಣ ಸಿಂಪಡಿಸಿದಾಗ ಆಗುವುದೂ ಅದೇ. ತಿನ್ನರ್ ರಭಸದಿಂದ ಆವಿಯಾಗುತ್ತದೆ. ಆವಿಯಾಗಲು ಬೇಕಾದ ಗುಪ್ತೋಷ್ಣವನ್ನು ಬಣ್ಣದಿಂದಲೂ ತಗಡಿನಿಂದಲೂ ಕಿತ್ತುಕೊಳ್ಳುತ್ತದೆ. ಅಂಗೈಗೆ ಸ್ಪಿರಿಟ್ ಸವರಿದಾಗ ತಣ್ಣಗಾಗುವುದನ್ನು ನೀವೆಲ್ಲ ಬಲ್ಲಿರಿ. ಹೀಗೆ ಮೇಲ್ಮೈ ಇಬ್ಬನಿ ಬಿಂದುವಿಗಿಂತ ಕೆಳಗಿಳಿದು, ಗಾಳಿಯ ನೀರು ಇನ್ನೂ ಆರದ ಪೊರೆಯೊಳಗೆ ಸಣ್ಣ ಹನಿಗಳಾಗಿ ಸಿಕ್ಕಿಕೊಳ್ಳುತ್ತದೆ. ಎನ್.ಸಿ. ಬಣ್ಣವಾದರೆ ಹಾಲು ಚೆಲ್ಲಿದಂತೆ ಬೆಳ್ಳಗಾಗುತ್ತದೆ. ಪಿ.ಯು. ಬಣ್ಣದಲ್ಲಿ ಇನ್ನೊಂದು ಬಗೆಯ ಕೇಡು: ಹಾರ್ಡನರ್ ತನ್ನ ಜೊತೆಗಾರನನ್ನು ಬಿಟ್ಟು ನೀರಿನೊಡನೆಯೇ ಸಂಯೋಗಹೊಂದುತ್ತದೆ, ಇಂಗಾಲದ ಡೈಆಕ್ಸೈಡ್ ಹೊರಡುತ್ತದೆ, ಪೊರೆಯಲ್ಲಿ ಸೂಜಿಮೊನೆಯಷ್ಟು ತೂತುಗಳು ಬೀಳುತ್ತವೆ. ಇದೇ ಕೆಲಸವನ್ನು ಫೆಬ್ರವರಿಯ ಒಂದು ಮಧ್ಯಾಹ್ನ, 27 ಡಿಗ್ರಿ ಉಷ್ಣತೆ ಮತ್ತು ಶೇಕಡ 50 ಆರ್ದ್ರತೆಯಲ್ಲಿ, ಮಾಡಿದರೆ ಇಬ್ಬನಿ ಬಿಂದು 16 ಡಿಗ್ರಿಗೆ ಇಳಿದಿರುತ್ತದೆ; ಹನ್ನೊಂದು ಡಿಗ್ರಿಗಳ ಅಂತರ! ತಗಡು ಇಬ್ಬನಿ ಬಿಂದುವಿಗಿಂತ ಕಡೆಯ ಪಕ್ಷ 3 ಡಿಗ್ರಿ ಬೆಚ್ಚಗಿರಬೇಕೆಂಬುದು ಲೇಪನಕಾರರ ನಿಯಮ. ಒಣ-ಒದ್ದೆ ಉಷ್ಣಮಾಪಕಗಳ ಜೋಡಿಯೊಂದು ಪ್ರತಿಯೊಂದು ಕಾಲೇಜಿನ ಪ್ರಯೋಗಶಾಲೆಯಲ್ಲಿದೆ. ಗ್ಯಾರೇಜಿನ ಗೋಡೆಯ ಮೇಲೆ ನಾನದನ್ನು ಕಂಡಿಲ್ಲ, ಅದಿರಬೇಕಾದುದು ಅಲ್ಲಿಯೇ. ಮಳೆಗಾಲದಲ್ಲಿ ವಿಮೆಯ ಹಣ ಬಂದಿತೆಂದು ಆಗಲೇ ಬಣ್ಣ ಹಾಕಿಸುವ ಆತುರಕ್ಕಿಂತ, ತಗಡಿಗೆ ಪ್ರೈಮರ್ ಬಳಿಸಿ ಜನವರಿಯವರೆಗೆ ಕಾಯುವುದು ಬುದ್ಧಿವಂತಿಕೆ. ಹಾಗೆ ಕಾಯುವುದಾದರೆ ಬಳಿಸಬೇಕಾದುದು ಎಪಾಕ್ಸಿಯದನ್ನೇ.

ಇನ್ನು ವರ್ಣದ ಮಾತು. ಭೌತಶಾಸ್ತ್ರದವನಿಗೆ ಬಿಳಿಯ ಬಣ್ಣವೇ ಅತ್ಯಂತ ಸ್ವಾರಸ್ಯವಾದುದು. ಬಿಳಿಯ ಪುಡಿಯಾದ ಟೈಟಾನಿಯಂ ಡೈಆಕ್ಸೈಡು ಕೇರಳದ ಚವರದ ಕಡಲಮರಳಿನಲ್ಲಿ ಸಿಗುವ ಇಲ್ಮನೈಟಿನಿಂದ ದೊರೆಯುತ್ತದೆ. ಅದರ ವಕ್ರೀಭವನಾಂಕ ಸುಮಾರು 2.7, ಅದನ್ನು ಸುತ್ತಿರುವ ರಾಳದ್ದು ಸುಮಾರು 1.5. ಈ ಅಂತರ ದೊಡ್ಡದಾದುದರಿಂದಲೇ ಬೆಳಕು ಕಣದಿಂದ ಕಣಕ್ಕೆ ಚೆದರಿ ಹಿಂದಿರುಗುತ್ತದೆ, ಕೆಳಗಿನ ತಗಡು ಕಾಣದಂತಾಗುತ್ತದೆ. ಕಪ್ಪು ಬಣ್ಣ ಬಿಸಿಲನ್ನು ಬಹುಪಾಲು ನುಂಗಿಬಿಡುತ್ತದೆ. 2011ರಲ್ಲಿ ಅಮೆರಿಕದ ಬರ್ಕ್ಲಿ ಪ್ರಯೋಗಶಾಲೆಯವರು ಒಂದೇ ಮಾದರಿಯ ಎರಡು ಕಾರುಗಳನ್ನು ಬಿಸಿಲಿನಲ್ಲಿ ನಿಲ್ಲಿಸಿ ನೋಡಿದಾಗ, ಬೆಳ್ಳಿಬಣ್ಣದ ಕಾರಿನ ಒಳಗಿನ ಗಾಳಿ ಕಪ್ಪು ಕಾರಿನದಕ್ಕಿಂತ ಐದಾರು ಡಿಗ್ರಿ ತಣ್ಣಗಿದ್ದಿತು. ರಾಯಚೂರಿನವರಿಗೆ ಇದು ದೊಡ್ಡ ವಿಷಯ. ಹಾರಂಗಿಯಲ್ಲಿ ತಿಳಿವರ್ಣವನ್ನು ನಾನು ಬಯಸುವುದಕ್ಕೆ ಕಾರಣ ಬೇರೆ: ಕೆಮ್ಮಣ್ಣಿನ ರಸ್ತೆಯ ಧೂಳನ್ನು ಒಣಬಟ್ಟೆಯಿಂದ ಒರಸುವ ನಮ್ಮ ಅಭ್ಯಾಸದಿಂದ ಬೀಳುವ ಗೀರುಗಳು ಕಡುಬಣ್ಣದ ಮೇಲೆ ಜೇಡರ ಬಲೆಯಂತೆ ಹೊಳೆಯುತ್ತವೆ, ತಿಳಿಬಣ್ಣದ ಮೇಲೆ ಅಡಗಿರುತ್ತವೆ.

ಮೆಟಾಲಿಕ್ ಬಣ್ಣವೆಂಬುದಂತೂ ಸಣ್ಣ ಊರಿನ ಕೆಲಸಗಾರನಿಗೆ ಒಡ್ಡಿದ ಅಗ್ನಿಪರೀಕ್ಷೆ. ಅದರೊಳಗೆ ಅಲ್ಯೂಮಿನಿಯಮಿನ ಅತಿ ತೆಳುವಾದ ಚಕ್ಕೆಗಳಿರುತ್ತವೆ. ಅವು ತಗಡಿಗೆ ಸಮಾಂತರವಾಗಿ ಮಲಗಿದರೆ ಎದುರಿನಿಂದ ಹೊಳಪು, ಓರೆಯಿಂದ ಕಪ್ಪು. ಗನ್ನಿನ ಒತ್ತಡ, ದೂರ, ತಿನ್ನರಿನ ಪ್ರಮಾಣ ಇವುಗಳಲ್ಲಿ ಕಿಂಚಿತ್ ವ್ಯತ್ಯಾಸವಾದರೂ ಚಕ್ಕೆಗಳು ಬೇರೆ ರೀತಿಯಲ್ಲಿ ಮಲಗಿ, ಅದೇ ಡಬ್ಬಿಯ ಬಣ್ಣ ಬಾಗಿಲಿನ ಮೇಲೆ ಒಂದು ಬಗೆ, ಪಕ್ಕದ ಮಡ್‌ಗಾರ್ಡಿನ ಮೇಲೆ ಇನ್ನೊಂದು ಬಗೆಯಾಗಿ ಕಾಣುತ್ತದೆ. ಸಾದಾ ಬಣ್ಣಕ್ಕೆ ಈ ತೊಡಕಿಲ್ಲ. ಹೊಂದಿಕೆಯನ್ನು ಟ್ಯೂಬ್‌ಲೈಟಿನ ಕೆಳಗೆ ನೋಡಿ ಒಪ್ಪಲೂಬಾರದು. ಬೇರೆಬೇರೆ ಪುಡಿಗಳಿಂದ ಮಾಡಿದ ಎರಡು ಬಣ್ಣಗಳು ಒಂದು ದೀಪದಲ್ಲಿ ಒಂದೇ ಆಗಿಯೂ ಹಗಲು ಬೆಳಕಿನಲ್ಲಿ ಬೇರೆಯಾಗಿಯೂ ಕಾಣಬಲ್ಲವು. ರೋಹಿತದ ಯಾವ ಭಾಗವನ್ನು ದೀಪ ಕೊಡುತ್ತದೋ ಅದನ್ನಷ್ಟೇ ಬಣ್ಣ ಹಿಂದಿರುಗಿಸಬಲ್ಲದು.

ಮೇಲಿನ ಬಣ್ಣಕ್ಕೆ ಸಂಬಂಧವೇ ಇಲ್ಲದ ಒಂದು ತುಕ್ಕೂ ಉಂಟು. ಬಾಗಿಲುಗಳ ತಳದಲ್ಲಿ ನೀರಿಳಿಯಲು ಇರುವ ತೂತುಗಳು ಕೆಸರಿನಿಂದಲೂ ಎಲೆಯ ಚೂರುಗಳಿಂದಲೂ ಕಟ್ಟಿಕೊಂಡರೆ ಕಬ್ಬಿಣ ಒಳಗಿನಿಂದ ಹೊರಕ್ಕೆ ತಿನ್ನಲ್ಪಡುತ್ತದೆ. ಇದಕ್ಕೆ ಬೇಕಾದುದು ಒಂದು ಕಡ್ಡಿ, ಒಳಗೆ ಸಿಂಪಡಿಸಲು ಸ್ವಲ್ಪ ಮೇಣ. ಹೊರಗಿನಿಂದ ಎಷ್ಟು ಬಣ್ಣ ಬಳಿದೂ ಫಲವಿಲ್ಲ.

ಪಿ.ಯು. ಬಣ್ಣವನ್ನು ಇಷ್ಟು ಹೊಗಳಿದ ಮೇಲೆ ಅದರ ಇನ್ನೊಂದು ಮುಖವನ್ನು ಮರೆಮಾಡುವುದು ಅನ್ಯಾಯ. ಆ ಹಾರ್ಡನರಿನಲ್ಲಿರುವುದು ಐಸೊಸಯನೇಟ್ ಎಂಬ ವರ್ಗದ ರಾಸಾಯನಿಕ. ಅಣುಗಳನ್ನು ಬಲೆಯಂತೆ ಹೆಣೆಯುವ ಅದರ ಚುರುಕು ಸ್ವಭಾವವೇ ಶ್ವಾಸಕೋಶದಲ್ಲಿ ಹಾನಿಗೆ ಕಾರಣವಾಗುತ್ತದೆ. ಕೆಲಸದಿಂದ ಬರುವ ಉಬ್ಬಸಕ್ಕೆ ಪ್ರಪಂಚದಲ್ಲೆಲ್ಲ ಇದೊಂದು ಮುಖ್ಯ ಕಾರಣವೆಂದು ವೈದ್ಯರು ಗುರುತಿಸಿದ್ದಾರೆ. ಒಮ್ಮೆ ಒಬ್ಬನ ದೇಹ ಇದಕ್ಕೆ ಸೂಕ್ಷ್ಮವಾಯಿತೆಂದರೆ ಆಮೇಲೆ ಅತ್ಯಲ್ಪ ಪ್ರಮಾಣವೂ ಉಸಿರು ಕಟ್ಟಿಸಬಲ್ಲದು. ಅವನು ಆ ಕಸಬನ್ನೇ ಬಿಡಬೇಕಾಗುತ್ತದೆ. ಹಾನಿಮಾಡುವಷ್ಟಿದ್ದರೂ ಮೂಗಿಗೆ ಅದರ ವಾಸನೆ ತಿಳಿಯುವುದಿಲ್ಲವೆಂಬುದು ಇನ್ನೂ ಭಯಂಕರ. ಮೂಗಿಗೆ ಕಟ್ಟಿದ ಕರವಸ್ತ್ರ ಇದನ್ನು ತಡೆಯುವುದಿಲ್ಲ. ಹೊರಗಿನ ಶುದ್ಧವಾದ ಗಾಳಿಯನ್ನು ಕೊಳವೆಯ ಮೂಲಕ ತರುವ ಮುಖವಾಡ, ಗಾಳಿಯನ್ನು ಸೋಸಿ ಹೊರಕ್ಕೆ ಎಳೆಯುವ ಮುಚ್ಚಿದ ಕೋಣೆ, ಕೈಗವಸು ಇವು ಬೇಕು.

ರಸ್ತೆಯ ಪಕ್ಕದ ಶೆಡ್ಡಿನಲ್ಲಿ ಬನಿಯನ್ನು ತೊಟ್ಟು ಗನ್ ಹಿಡಿದು ನಿಂತ ಹುಡುಗನ ವಯಸ್ಸು, ಈ ಲೇಖನವನ್ನು ಓದುತ್ತಿರುವ ಅನೇಕರ ವಯಸ್ಸೇ. ಆ ಬಣ್ಣ ಬೇಕೆಂದು ಹೇಳುವವರು ನಾವು, ಉಸಿರಾಡುವವನು ಅವನು. ಆದುದರಿಂದ ಬಣ್ಣದ ಬೆಲೆಯನ್ನು ವಿಚಾರಿಸುವಾಗಲೇ ಮುಖವಾಡ ಎಲ್ಲಿ, ಗಾಳಿ ಎಲ್ಲಿಂದ ಬರುತ್ತದೆ ಎಂದು ಕೇಳಬೇಕು. ಕೇಳುವ ಹಕ್ಕು ಗಿರಾಕಿಗೆ ಇದೆ. ಅವು ಇಲ್ಲದ ಗ್ಯಾರೇಜಿನಲ್ಲಿ ನಾನಾದರೆ ಪಿ.ಯು. ಬಣ್ಣವನ್ನು ಬೇಡೆನ್ನುತ್ತೇನೆ. ಮೈಸೂರಿನಲ್ಲಿಯೋ ಬೇರೆಡೆಯಲ್ಲಿಯೋ ಅಂಥ ವ್ಯವಸ್ಥೆಯುಳ್ಳ ಕಡೆಗೆ ಗಾಡಿಯನ್ನು ಒಯ್ಯುತ್ತೇನೆ. ಅದಾಗದಿದ್ದರೆ ಗೀರುಬಿದ್ದ ಬಾಗಿಲಿಗೆ ಬೇಗ ಮಂಕಾಗುವ ಎನ್.ಸಿ. ಬಣ್ಣವನ್ನೇ ಹಾಕಿಸಿ, ಕೆಲವು ವರ್ಷಗಳ ಮೇಲೆ ಮತ್ತೊಮ್ಮೆ ಹಾಕಿಸುತ್ತೇನೆ. ಅದರ ತಿನ್ನರೂ ಸಾಧುವಲ್ಲ. ಆದರೆ ಇದ್ದಿಲು ತುಂಬಿದ ಸಾಧಾರಣ ಮುಖವಾಡ ಮತ್ತು ತೆರೆದ ಬಾಗಿಲುಗಳು ಅದರ ಮಟ್ಟಿಗೆ ಬಹಳ ಸಹಾಯಮಾಡುತ್ತವೆ, ಅಂಥ ಮುಖವಾಡವನ್ನು ಬಣ್ಣದ ಡಬ್ಬಿಯ ಜೊತೆಗೆ ನಾವೇ ಕೊಂಡೊಯ್ದು ಕೊಡಬಹುದು.